ಮಕ್ಕಳ ಸೀಟು ಜೊತೆಗೆ ಒಯ್ದು ಕಾರು ನೋಡಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ತಂಗಿಯೊಬ್ಬರು ಯಾವ ಕಾರು ತಗೊಳ್ಳಲಿ ಅಂತ ಈ ಗುಂಪಿನಲ್ಲಿ ಕೇಳಿದ್ದರು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂಬತ್ತು ತಿಂಗಳು. ಬೇಸಿಗೆಗೆ ಅತ್ತೆ ಮಾವ ಬರ್ತಾರೆ. ಇರುವ ಎರಡೂ ಕಾರು ಹಳೆಯವು, ಎರಡನ್ನೂ ಬದಲಾಯಿಸಬೇಕು. ಯಜಮಾನರಿಗೆ ಓಡಿಸೋಕೆ ಖುಷಿ ಕೊಡುವ ಕಾರು ಬೇಕು, ಇವರಿಗೆ ಜಾಗ ಇರುವ ಕಾರು ಬೇಕು, ಇಬ್ಬರಿಗೂ ಖರ್ಚು ಕಡಿಮೆ ಇರಬೇಕು. ಅದಕ್ಕೆ ಎಷ್ಟೋ ಜನ ತಮ್ಮ ತಮ್ಮ ಕಾರಿನ ಹೆಸರು ಬರೆದಿದ್ದಾರೆ. ಅದರಿಂದ ಅವರಿಗೆ ಗೊಂದಲ ಜಾಸ್ತಿ ಆಗಿರಬೇಕು ಅನಿಸಿತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾವಿರುವುದು ಡರ್ಬಿಯಲ್ಲಿ. ಎರಡು ವರ್ಷದ ಹಿಂದೆ ನಮ್ಮದೂ ಇದೇ ಪರಿಸ್ಥಿತಿ. 2014ರ ಡೀಸೆಲ್ ಕಾರೊಂದು, ಹೆಂಡತಿಯ ಪುಟ್ಟ ಪೆಟ್ರೋಲ್ ಕಾರೊಂದು. ಡೀಸೆಲ್ ಕಾರು ಹೆದ್ದಾರಿಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಮಗಳನ್ನು ಶಾಲೆಗೆ ಬಿಡೋಕೆ ಒಂದೂವರೆ ಮೈಲಿ, ಅಲ್ಲಿಂದ ಅಂಗಡಿಗೆ ಇನ್ನೊಂದು ಮೈಲಿ. ಇಷ್ಟೇ ಓಡಿದರೆ ಡೀಸೆಲ್ ಕಾರಿನ ಹೊಗೆ ಫಿಲ್ಟರ್ ಬಿಸಿಯೇ ಆಗುವುದಿಲ್ಲ, ಮಸಿ ಕಟ್ಟಿಕೊಳ್ಳುತ್ತದೆ. ಮೂರು ಸಲ ದೀಪ ಹತ್ತಿತು, ಮೂರು ಸಲ ಗ್ಯಾರೇಜಿಗೆ ಹೋಯಿತು. ಇದು ಕಾರಿನ ತಪ್ಪಲ್ಲ. ನಮ್ಮ ಓಡಾಟಕ್ಕೆ ಆ ಕಾರು ಹೊಂದುತ್ತಿರಲಿಲ್ಲ, ಅಷ್ಟೇ. ಜಾಸ್ತಿ ಹೊಗೆಯ ಹಳೆ ಕಾರು ಅಂತ ಬರ್ಮಿಂಗ್‌ಹ್ಯಾಮ್ ಪೇಟೆಯೊಳಗೆ ಹೋದರೆ ದಿನಕ್ಕೆ 8 ಪೌಂಡ್ ಶುಲ್ಕ, ಲಂಡನ್ನಿನಲ್ಲಿ ತಮ್ಮನ ಮನೆಗೆ ಹೋದರೆ ದಿನಕ್ಕೆ 12.50 ಪೌಂಡ್ ಬೇರೆ. 2023ರ ಆಗಸ್ಟ್‌ನಿಂದ ಲಂಡನ್ನಿನ ಎಲ್ಲ ಬರೋಗಳಿಗೂ, ಅಂದರೆ ಆಡಳಿತ ವಿಭಾಗಗಳಿಗೂ, ಆ ಶುಲ್ಕ ಹಬ್ಬಿತಲ್ಲ, ಅದು. 2015ರ ಸೆಪ್ಟೆಂಬರಿಗಿಂತ ಹಳೆಯ ಡೀಸೆಲ್ ಇದ್ದರೆ ಬಹುಮಟ್ಟಿಗೆ ಈ ಶುಲ್ಕ ತಪ್ಪುವುದಿಲ್ಲ. ಪೆಟ್ರೋಲ್ ಆದರೆ 2006ರಿಂದ ಈಚಿನದು ಸಾಮಾನ್ಯವಾಗಿ ಪಾರಾಗುತ್ತದೆ.

ಎಲ್ಲರೂ ಹೇಳಿದ ಹಾಗೆ ನಾನೂ ಮೊದಲು ನೋಡಿದ್ದು ಎಸ್‌ಯುವಿ. ದೊಡ್ಡದು, ಎತ್ತರದ್ದು, ನೋಡಿದರೆ ಒಳಗೆ ಊರೇ ಹಿಡಿಸುತ್ತದೆ ಅನಿಸುವಂಥದ್ದು. ಹೆಂಡತಿ ಬರುವಾಗ ಮಗನ ಸೀಟನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಆಗ ಅವನಿಗೂ ಒಂಬತ್ತು ತಿಂಗಳೇ. ಐ-ಸೈಜ್ ಅನ್ನುವ ಸುರಕ್ಷತಾ ನಿಯಮದ ಸೀಟಿನಲ್ಲಿ 15 ತಿಂಗಳು ತುಂಬುವವರೆಗೆ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. ಹಾಗೆ ಕೂರಿಸುವ ಸೀಟು ಉದ್ದಕ್ಕೆ ತುಂಬಾ ಜಾಗ ತಿನ್ನುತ್ತದೆ. ಮಕ್ಕಳ ಸೀಟು ಸಿಕ್ಕಿಸೋಕೆ ಕಾರಿನಲ್ಲೇ ಇರುವ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ, ಆ ಸೀಟಿನ ಆಧಾರದ ಕಾಲು ಕೆಳಗಿಳಿಸಿ, ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ತರಲು ನೋಡಿದರೆ ಅದು ಬರಲೇ ಇಲ್ಲ. ಅವಳು ಮುಂದೆ ಕೂತಳು. ಮಂಡಿ ಎರಡೂ ಗ್ಲೌವ್ ಬಾಕ್ಸಿಗೆ ತಾಗಿದವು. ಹೊರಗಿನಿಂದ ಅಷ್ಟು ದೊಡ್ಡ ಕಾರು! ಮಾರುವವರು ಸೀಟನ್ನು ಹಿಂದೆ ಮುಂದೆ ಮಾಡಿ ನೋಡಿದರು, ಏನೂ ಆಗಲಿಲ್ಲ. ಐದು ನಿಮಿಷದಲ್ಲಿ ವಾಪಸ್ ಹೊರಟೆವು.

ಅದಕ್ಕೇ ಹೇಳುತ್ತಿದ್ದೇನೆ ತಂಗಿ, ಯಾವ ಕಾರು ನೋಡಲು ಹೋದರೂ ಎರಡೂ ಸೀಟು ಒಯ್ಯಿರಿ. ಎರಡನ್ನೂ ಕೂರಿಸಿದ ಮೇಲೆ ನಡುವೆ ನೀವೇ ಕೂತು ನೋಡಿ. ಕಾಗದದ ಮೇಲೆ ಐದು ಸೀಟಿನ ಕಾರು, ಆದರೆ ಎರಡು ಮಕ್ಕಳ ಸೀಟು ಕೂತ ಮೇಲೆ ಬಹಳಷ್ಟು ಕಾರುಗಳಲ್ಲಿ ನಡುವೆ ಅಜ್ಜಿ ಕೂರುವಷ್ಟು ಅಗಲ ಉಳಿಯುವುದಿಲ್ಲ. ನಡುವೆಯೂ ದಿನಾ ಒಬ್ಬರು ಕೂರಲೇಬೇಕು ಅಂದರೆ 2017ರಿಂದ 2023ರವರೆಗಿನ ಪೂಜೋ 5008 ತರದ್ದು ನೋಡಿ. ಅದರಲ್ಲಿ ನಡುಸಾಲಿನ ಮೂರೂ ಬಿಡಿ ಸೀಟು, ಮೂರಕ್ಕೂ ಐಸೋಫಿಕ್ಸ್. ಈ ದೇಶದಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟು ಬೇಕೇ ಬೇಕು. ಅಂದರೆ ಈಗ ತಗೊಳ್ಳುವ ಕಾರಿನ ಇಡೀ ಆಯಸ್ಸು ಆ ಸೀಟುಗಳ ಜೊತೆಗೇ ಕಳೆಯುತ್ತದೆ.

ಎಸ್‌ಯುವಿ ಬೇಡ ಅನ್ನೋಕೆ ನಮ್ಮನೆಯಲ್ಲಿ ಇನ್ನೊಂದು ಕಾರಣವೂ ಇತ್ತು. ಓಡಿಸುವ ಖುಷಿ ಬೇಕು ಅಂದದ್ದು ನಾನಲ್ಲ, ನನ್ನ ಹೆಂಡತಿ. ಅವಳು ಕೊಪ್ಪದ ಕಡೆಯವಳು. ಕಾಫಿ ತೋಟದ ಜೀಪಿನಲ್ಲಿ ಡ್ರೈವಿಂಗ್ ಕಲಿತವಳು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು ಓಡಿಸಿದವಳು. ಮಕ್ಕಳಾದ ಮೇಲೆ ಆ ಆಸೆಯನ್ನೆಲ್ಲ ಮಡಿಸಿ ಇಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ದಿನಾ ಆ ಸ್ಟೀರಿಂಗ್ ಹಿಡಿಯುವವರು ನಾವೇ ಅಲ್ವಾ? ಖುಷಿ ಅಂದರೆ ಸ್ಪೀಡು ಅಂತಲೂ ಅಲ್ಲ. ಮ್ಯಾಟ್ಲಾಕ್, ಬೇಕ್‌ವೆಲ್ ದಾಟಿ ಬಕ್ಸ್‌ಟನ್ ಕಡೆ ಹೋಗುವ ರಸ್ತೆಯಲ್ಲಿ ಗಂಟೆಗೆ 40 ಮೈಲಿಯಲ್ಲೇ ಅದು ಸಿಗುತ್ತದೆ. ಸ್ಟೀರಿಂಗ್ ಎಷ್ಟು ತಿರುಗಿಸಿದೆವೋ ಕಾರು ಅಷ್ಟೇ ತಿರುಗಬೇಕು, ತಿರುವಿನಲ್ಲಿ ತೊನೆದಾಡಬಾರದು.

ಇದರಲ್ಲಿ ಮಕ್ಕಳ ಪಾಲೂ ಇದೆ. ನಮ್ಮ ಮಗಳಿಗೆ ತಿರುವು ಬಂದರೆ ವಾಂತಿ. ನನ್ನ ಅಮ್ಮ ಬಂದಾಗ ಅವಳ ಕೈಗೊಂದು ನಿಂಬೆಹಣ್ಣು ಕೊಟ್ಟು ಕೂರಿಸುತ್ತಿದ್ದರು. ಅವಳು ಅದನ್ನು ಉಗುರಿನಿಂದ ಗೀರಿ ಮೂಸುತ್ತಾ ಕೂರುತ್ತಿದ್ದಳು. ಬಾಡಿಗೆಗೆ ತಂದ ಎತ್ತರದ ಕಾರಿನಲ್ಲಿ ನಿಂಬೆಹಣ್ಣೂ ಕೆಲಸ ಮಾಡಲಿಲ್ಲ. ತಗ್ಗಿನ ಎಸ್ಟೇಟ್ ಕಾರಿಗೆ ಬಂದ ಮೇಲೆ ಆ ತೊಂದರೆ ನಿಜಕ್ಕೂ ಕಡಿಮೆಯಾಯಿತು. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಆದರೆ ಟೆಸ್ಟ್ ಡ್ರೈವ್‌ಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಒಂದು ಡೊಂಕು ರಸ್ತೆಗೆ ಹಾಕಿ ನೋಡಿ.

ಎಸ್ಟೇಟ್ ಅಂದರೆ ಊರಲ್ಲಿ ನಾವು ಹೆಚ್ಚು ನೋಡದ ಆಕಾರ. ಸಾಧಾರಣ ಕಾರಿಗೇ ಹಿಂದೆ ಉದ್ದದ ಡಿಕ್ಕಿ. ನೋಡೋಕೆ ಠೀವಿ ಕಡಿಮೆ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಬ್ಬರು ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನಾವು ಮೂರು ಓಡಿಸಿ ನೋಡಿದೆವು. ಫೋರ್ಡ್ ಫೋಕಸ್‌ನ ಸ್ಟೀರಿಂಗ್ ಮೂರರಲ್ಲೂ ಚೆಂದ, ಹೆಂಡತಿಯ ಮನಸ್ಸು ಅಲ್ಲೇ ಇತ್ತು. 2025ರ ನವೆಂಬರ್‌ನಲ್ಲಿ ಫೋಕಸ್ ತಯಾರಿಕೆಯೇ ನಿಂತುಹೋಯಿತು, ಈಗ ಏನಿದ್ದರೂ ಸೆಕೆಂಡ್ ಹ್ಯಾಂಡ್. ಸ್ಕೋಡಾ ಆಕ್ಟೇವಿಯಾದ ಡಿಕ್ಕಿ 640 ಲೀಟರ್, ಅದರ ಮುಂದೆ ಯಾವುದೂ ನಿಲ್ಲುವುದಿಲ್ಲ. ಪೆಟ್ರೋಲ್ ಮುಚ್ಚಳದ ಒಳಗೆ ಮಂಜು ಕೆರೆಯುವ ಪಟ್ಟಿ ಕೂಡ ಇಟ್ಟಿರುತ್ತಾರೆ. ಮೂರನೆಯದು ಟೊಯೋಟಾ ಕರೋಲಾ ಎಸ್ಟೇಟ್, ಹೈಬ್ರಿಡ್. 1.8 ಎಂಜಿನ್ನಿನದಕ್ಕೆ 596 ಲೀಟರ್, 2.0 ಎಂಜಿನ್ನಿನದಕ್ಕೆ 581. ನಾವು ತಂದದ್ದು ಮೂರು ವರ್ಷ ಹಳೆಯ 2.0 ಕರೋಲಾ. ನಮ್ಮ ಡರ್ಬಿ ಪಕ್ಕದ ಬರ್ನಾಸ್ಟನ್ ಕಾರ್ಖಾನೆಯಲ್ಲೇ ತಯಾರಾಗುವ ಕಾರು ಅದು. ಜೋರಾಗಿ ಒತ್ತಿದರೆ ಎಂಜಿನ್ ಗೊಣಗುತ್ತದೆ, ಅದೊಂದು ಕೊರತೆ ಇದೆ. ತಿರುವಿನಲ್ಲಿ ಮಾತ್ರ ಬಹಳ ಅಚ್ಚುಕಟ್ಟು. ಮೈಲೇಜ್ ಗ್ಯಾಲನ್ನಿಗೆ 53 ಮೈಲಿ ಬರುತ್ತಿದೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 19 ಕಿಲೋಮೀಟರ್.

ಈಗ ಖರ್ಚಿನ ಮಾತು. ನಾವೆಲ್ಲ ಮೈಲೇಜ್ ಎಷ್ಟು ಅಂತ ಮೊದಲು ಕೇಳಿ ಬೆಳೆದವರು. ಇಲ್ಲಿ ಒಂದು ಸಲ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 10,000 ಮೈಲಿ, ಪೆಟ್ರೋಲ್ ಲೀಟರಿಗೆ 140 ಪೆನ್ಸ್ ಅಂತ ಇಟ್ಟುಕೊಳ್ಳಿ. ಗ್ಯಾಲನ್ನಿಗೆ 40 ಮೈಲಿ ಕೊಡುವ ಕಾರಿಗೆ ವರ್ಷಕ್ಕೆ ಸುಮಾರು 1,590 ಪೌಂಡ್, 50 ಕೊಡುವ ಕಾರಿಗೆ 1,270. ವ್ಯತ್ಯಾಸ 320 ಪೌಂಡ್. ಹೊಸ ಕಾರು ತಂದರೆ ಮೊದಲ ವರ್ಷವೇ ಅದರ ಬೆಲೆ ಇದರ ಎಷ್ಟೋ ಪಟ್ಟು ಇಳಿದಿರುತ್ತದೆ. ಮೂರು ವರ್ಷ ಹಳೆಯದು ತಂದರೆ ಆ ದೊಡ್ಡ ಇಳಿತವನ್ನು ಮೊದಲ ಮಾಲೀಕರು ಹೊತ್ತಿರುತ್ತಾರೆ. ಪೆಟ್ರೋಲಿಗಿಂತ ಮೊದಲು ಇದನ್ನು ನೋಡಿ.

ಇನ್ಶೂರೆನ್ಸ್ ಕಾರು ನೋಡುವ ಮೊದಲೇ ಕೇಳಿಕೊಳ್ಳಿ. ಕಾರುಗಳಿಗೆ 1ರಿಂದ 50ರವರೆಗೆ ಗುಂಪು ಮಾಡಿದ್ದಾರೆ, ಅಂಕಿ ಏರಿದಂತೆ ಹಣವೂ ಏರುತ್ತದೆ. ಹೊಸದಾಗಿ ಬಂದವರಿಗೆ ಊರಿನ ಹತ್ತು ವರ್ಷದ ಅನುಭವ ಇದ್ದರೂ ಇಲ್ಲಿನ ಹೆಚ್ಚಿನ ಕಂಪನಿಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ಮಾತು. ಪೆಟ್ರೋಲ್, ಡೀಸೆಲ್ ಅಥವಾ ಹೈಬ್ರಿಡ್ ಕಾರಾದರೆ, ಹೊಸದಿದ್ದಾಗ ಅದರ ಬೆಲೆ 40,000 ಪೌಂಡ್ ದಾಟಿತ್ತಾ ಅಂತ ನೋಡಿಕೊಳ್ಳಿ. ದಾಟಿದ್ದರೆ ಎರಡನೆಯ ವರ್ಷದಿಂದ ಆರನೆಯ ವರ್ಷದವರೆಗೆ ರಸ್ತೆ ತೆರಿಗೆಯ ಮೇಲೆ ಹೆಚ್ಚುವರಿ ತೆರಿಗೆ ಬೀಳುತ್ತದೆ. 2025ರಲ್ಲಿ ಅದು ವರ್ಷಕ್ಕೆ 425 ಪೌಂಡ್. ನೀವು ಅದನ್ನು 20,000ಕ್ಕೆ ತಂದಿದ್ದರೂ ಬಿಡುವುದಿಲ್ಲ.

ಚಕ್ರದ ಅಳತೆಯ ಬಗ್ಗೆ ಯಾರೂ ಬರೆದಿಲ್ಲ, ನನಗೆ ಅದೇ ಮುಖ್ಯ. ಒಂದೇ ಕಾರು 16, 17, 18 ಇಂಚಿನ ಚಕ್ರದಲ್ಲಿ ಬರುತ್ತದೆ. 18 ನೋಡೋಕೆ ಚೆಂದ. ಆದರೆ ಟೈರಿನ ಬೆಲೆ ಜಾಸ್ತಿ, ಗುಂಡಿಗೆ ಬಿದ್ದರೆ ರಿಮ್ ಬೇಗ ಪೆಟ್ಟು ತಿನ್ನುತ್ತದೆ, ಸದ್ದೂ ಜಾಸ್ತಿ. ಸದ್ದಿನ ಮಾತು ಯಾಕೆ ಅಂದರೆ, ನಮ್ಮನೆಯಲ್ಲಿ ಮಕ್ಕಳು ಕನ್ನಡ ಕಲಿತದ್ದು ಅರ್ಧ ಮನೆಯಲ್ಲಿ, ಅರ್ಧ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಕೂತವರಿಗೆ ಆ ಹೊತ್ತು ಟಿವಿ ಇಲ್ಲ, ಟ್ಯಾಬ್ ಇಲ್ಲ. ಒಗಟು ಕೇಳುತ್ತೇವೆ. ಊರಿಗೆ ಸ್ಪೀಕರಿನಲ್ಲಿ ಫೋನ್ ಹಚ್ಚಿ ಅಜ್ಜನಿಂದ ಕತೆ ಹೇಳಿಸುತ್ತೇವೆ. ಎಂ1 ಹೆದ್ದಾರಿಯಲ್ಲಿ ಹಳೆ ಕಾರಿನ ಗದ್ದಲದಲ್ಲಿ ಅಜ್ಜನ ಮಾತು ಅರ್ಧ ಕೇಳುತ್ತಿರಲಿಲ್ಲ, ಮಗಳು ಇಂಗ್ಲಿಷಿನಲ್ಲಿ ‘ವಾಟ್’ ಅಂತ ಕೂಗುತ್ತಿದ್ದಳು. ಈಗ ಹಾಗಿಲ್ಲ. ಟೆಸ್ಟ್ ಡ್ರೈವ್‌ನಲ್ಲಿ ಒಬ್ಬರು ಹಿಂದೆ ಕೂತು ಮೆಲ್ಲಗೆ ಮಾತಾಡಿ ನೋಡಿ.

ಎರಡನೆಯ ಕಾರು ಎಲೆಕ್ಟ್ರಿಕ್, ಸೆಕೆಂಡ್ ಹ್ಯಾಂಡ್ ನಿಸಾನ್ ಲೀಫ್, 40 ಯೂನಿಟ್ ಬ್ಯಾಟರಿಯದ್ದು. ಹೆಂಡತಿ ಕೆಲಸ ಮಾಡುವ ಆಸ್ಪತ್ರೆ ಏಳು ಮೈಲಿ ದೂರ. ರಾತ್ರಿ ಮನೆಯಲ್ಲೇ ಚಾರ್ಜ್. ಯೂನಿಟ್ಟಿಗೆ ಮೂರೂವರೆ ಮೈಲಿ ಅಂತ ಹಿಡಿದರೆ 10,000 ಮೈಲಿಗೆ ಸುಮಾರು 2,860 ಯೂನಿಟ್. ರಾತ್ರಿ ದರ 8 ಪೆನ್ಸ್ ಇದ್ದರೆ ವರ್ಷಕ್ಕೆ 230 ಪೌಂಡ್. ಅದೇ ಕರೆಂಟನ್ನು ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ 75 ಪೆನ್ಸ್ ಕೊಟ್ಟು ತುಂಬಿಸಿದರೆ 2,140 ಪೌಂಡ್. ಪೆಟ್ರೋಲಿಗಿಂತ ದುಬಾರಿ! ಮನೆಯ ಕರೆಂಟಿಗೆ ವ್ಯಾಟ್ 5 ಪರ್ಸೆಂಟ್, ಹೊರಗಿನದಕ್ಕೆ 20. ಅದಕ್ಕೇ ಮನೆ ಮುಂದೆ ಸ್ವಂತ ಪಾರ್ಕಿಂಗ್ ಇಲ್ಲದವರಿಗೆ ನಾನು ಎಲೆಕ್ಟ್ರಿಕ್ ತಗೊಳ್ಳಿ ಅನ್ನುವುದಿಲ್ಲ. ಲೀಫ್‌ನ ಫಾಸ್ಟ್ ಚಾರ್ಜಿಂಗ್ ಕೊಂಡಿ ಹಳೆಯ ತರದ್ದು. ಅದಕ್ಕೆ ಹೊಂದುವ ಚಾರ್ಜರ್ ಹೊರಗೆ ಸಿಗುವುದು ಕಷ್ಟ, ದೂರದ ಊರಿಗೆ ಅದನ್ನು ನಂಬಬೇಡಿ. ರಸ್ತೆ ತೆರಿಗೆಯೂ ನಾವು ತಂದಾಗ ಇರಲಿಲ್ಲ. 2025ರ ಏಪ್ರಿಲ್‌ನಿಂದ ಶುರುವಾಯಿತು, ನಮ್ಮ ಕಾರಿಗೆ ಆ ವರ್ಷ 195 ಪೌಂಡ್.

ಅತ್ತೆ ಮಾವ ಬರುತ್ತಾರೆ, ಅದಕ್ಕೇ ಏಳು ಸೀಟು ಬೇಕಾ ಅಂತ ಕೇಳಿದ್ದಿರಿ. ನಮ್ಮ ಅಪ್ಪ ಅಮ್ಮ ಬಂದಾಗ ನಾವು ಆರು ಜನ. ಆದರೆ ಆರೂ ಜನ ಒಟ್ಟಿಗೆ ಹೊರಟದ್ದು ಮೂರು ತಿಂಗಳಲ್ಲಿ ಹೆಚ್ಚೆಂದರೆ ಹತ್ತು ಸಲ. ಟಿವಿಡೇಲ್‌ನ ಬಾಲಾಜಿ ದೇವಸ್ಥಾನ, ರಾಜ್ಯೋತ್ಸವ, ಹೀಗೆ. ಆ ದಿನ ಎರಡೂ ಕಾರು ತೆಗೆದೆವು. ಸಣ್ಣ ಏಳು ಸೀಟಿನ ಕಾರಿನಲ್ಲಿ ಹಿಂದಿನ ಸಾಲು ಎತ್ತಿದರೆ ಡಿಕ್ಕಿಯೇ ಉಳಿಯುವುದಿಲ್ಲ. ಏರ್‌ಪೋರ್ಟಿನಿಂದ ಬರುವ ನಾಲ್ಕು ಸೂಟ್‌ಕೇಸು, ಹಗ್ಗ ಬಿಗಿದ ರಟ್ಟಿನ ಡಬ್ಬ ಎಲ್ಲಿಡುತ್ತೀರಿ? ಏರ್‌ಪೋರ್ಟಿಗೆ ನಾನೊಬ್ಬನೇ ಕರೋಲಾ ಒಯ್ದೆ. ಎಲ್ಲವೂ ಹಿಡಿಸಿತು.

ಒಂದು ವಿಷಯದಲ್ಲಿ ಮಾತ್ರ ಎಸ್ಟೇಟ್ ಸೋತಿತು. ಅಮ್ಮನಿಗೆ ಮಂಡಿನೋವು. ಮೊದಲ ದಿನ ಕರೋಲಾದಿಂದ ಇಳಿಯುವಾಗ ಸೆರಗು ಸಿಕ್ಕಿಸಿ, ಎರಡೂ ಕಾಲು ಹೊರಗೆ ತಂದು, ಬಾಗಿಲು ಹಿಡಿದು ಏಳಲು ನೋಡಿದರು. ಆಗಲಿಲ್ಲ. ಕೈ ಕೊಟ್ಟು ಎತ್ತಬೇಕಾಯಿತು. ಲೀಫ್‌ನ ಸೀಟು ಎತ್ತರ. ಅದಕ್ಕೆ ಬೆನ್ನು ಮಾಡಿ ನಿಂತು, ಕುರ್ಚಿಯಲ್ಲಿ ಕೂತ ಹಾಗೆ ಕೂತು, ಆಮೇಲೆ ಕಾಲು ಒಳಗೆ ತಿರುಗಿಸಿದರೆ ಆಯಿತು. ಅವತ್ತಿನಿಂದ ಅದು ಅಮ್ಮನ ಕಾರು. ನಿಮ್ಮ ಅತ್ತೆಯವರ ಮಂಡಿ ಹೇಗಿದೆ ಅಂತ ಯಜಮಾನರನ್ನು ಈಗಲೇ ಕೇಳಿಕೊಳ್ಳಿ. ಎರಡೂ ಕಾರು ತಗ್ಗಿನವು ತರಬೇಡಿ.

ನಿಮ್ಮ ಪ್ರಶ್ನೆಯ ಕೆಳಗೆ ಲೆಸ್ಟರ್‌ನ ಅಣ್ಣ ಒಬ್ಬರು, ಇಷ್ಟೆಲ್ಲ ಯಾಕೆ, ಪಿಸಿಪಿ ಅನ್ನುವ ಕಂತಿನ ಒಪ್ಪಂದದಲ್ಲಿ ಹೊಸದನ್ನೇ ತಗೊಳ್ಳಬಹುದಲ್ಲ ಅಂದಿದ್ದಾರೆ. ತಿಂಗಳ ಕಂತು ಕಡಿಮೆ ಕಾಣುತ್ತದೆ, ನಿಜ. ಆದರೆ ಕೊನೆಗೆ ದೊಡ್ಡ ಮೊತ್ತ ಕಟ್ಟಿದರೆ ಮಾತ್ರ ಕಾರು ನಮ್ಮದು. ವಾಪಸ್ ಕೊಡುವುದಾದರೆ ಮೈಲಿಯ ಮಿತಿ ಇರುತ್ತದೆ, ದಾಟಿದ ಒಂದೊಂದು ಮೈಲಿಗೂ ಹಣ. ಮಕ್ಕಳಿರುವ ಮನೆಯಲ್ಲಿ ಸೀಟಿನ ಮೇಲೆ ಮೊಸರನ್ನ ಬೀಳದೆ ಇರುತ್ತದಾ ಅಣ್ಣ? ಅದು ನಮ್ಮದೇ ಕಾರಾಗಿದ್ದರೆ ಮನಸ್ಸಿಗೆ ನೆಮ್ಮದಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ನಂಬರ್ ಪ್ಲೇಟಿನ ಅಂಕಿ ಬರೆದುಕೊಂಡು ಸರ್ಕಾರದ ವೆಬ್‌ಸೈಟಿನಲ್ಲಿ ಅದರ ಎಂಒಟಿ, ಅಂದರೆ ಕಾರಿನ ಕಡ್ಡಾಯ ಪರೀಕ್ಷೆಯ ಇತಿಹಾಸ ತೆಗೆಯಿರಿ, ಉಚಿತ. ಕಾರಿಗೆ ಮೂರು ವರ್ಷ ಆದ ಮೇಲೆ ಪ್ರತಿ ವರ್ಷ ಪರೀಕ್ಷೆ ಇರುತ್ತದೆ. ಎಷ್ಟು ಮೈಲಿ ಓಡಿತ್ತು, ಏನು ದೋಷ ಬರೆದರು, ಎಲ್ಲ ಅಲ್ಲಿರುತ್ತದೆ. ನಾವು ಬಹುತೇಕ ಒಪ್ಪಿಕೊಂಡಿದ್ದ ಐದು ವರ್ಷದ ಕಾರೊಂದಕ್ಕೆ ಮೂರು ವರ್ಷವೂ ಒಂದೇ ಮಾತು ಬರೆದಿತ್ತು: ಮುಂದಿನ ಟೈರು ಒಳಅಂಚಿನಲ್ಲಿ ಸವೆದಿದೆ. ಹೊರಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಗ್ಗಿ ಟೈರಿನ ಒಳಬದಿಗೆ ಬೆರಳಾಡಿಸಿದೆ, ನುಣ್ಣಗೆ ಬೋಳಾಗಿತ್ತು. ಅಡಿಯಲ್ಲಿ ಏನೋ ಸೊಟ್ಟಗಿದೆ, ಮೂರು ವರ್ಷವೂ ಯಾರೂ ಸರಿಮಾಡಿಸಿಲ್ಲ ಅಂತಲೇ ಅರ್ಥ. ಬಿಟ್ಟು ಬಂದೆವು.

ತಂಗಿ, ನಾಟಿಂಗ್‌ಹ್ಯಾಮ್‌ನಿಂದ ನಮ್ಮನೆಗೆ ಅರ್ಧ ಗಂಟೆ ದಾರಿ. ಯಾವುದಾದರೂ ಶನಿವಾರ ಬೆಳಿಗ್ಗೆ ಎಲ್ಲರೂ ಬನ್ನಿ, ಹೆಂಡತಿ ಅಕ್ಕಿರೊಟ್ಟಿ ಮಾಡುತ್ತೇನೆ ಅಂದಿದ್ದಾಳೆ. ಎರಡೂ ಕಾರು ಮನೆ ಮುಂದೆಯೇ ಇರುತ್ತವೆ. ಮಕ್ಕಳ ಎರಡೂ ಸೀಟು ತನ್ನಿ, ಕೂರಿಸಿ ನೋಡೋಣ.