ಫಾಯಿಲ್ ಪೊಟ್ಟಣದ ಅಡುಗೆ: ನಮ್ಮ ಫ್ಯಾಮಿಲಿ ಗ್ರೂಪಲ್ಲಿ

ನ್ಯೂಜೆರ್ಸಿ ಅಣ್ಣ: 📹 ಮಗಳು ಗರ್ಲ್ ಸ್ಕೌಟ್ಸ್ ಕ್ಯಾಂಪಲ್ಲಿ ಕಲಿತಿದ್ದು ನೋಡಿ, ಆಲೂಗಡ್ಡೆ ಕ್ಯಾರೆಟ್ ಬೀನ್ಸ್ ಹೆಚ್ಚಿ ಎಣ್ಣೆ ಉಪ್ಪು ಮೆಣಸಿನಪುಡಿ ಕಲಸಿ ಫಾಯಿಲಲ್ಲಿ ಸುತ್ತಿ ಕೆಂಡದ ಮೇಲಿಟ್ರೆ ಆಯ್ತು. ಮನೇಲಾದ್ರೆ ಓವನ್ 200 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆ. ನಿಮ್ಮ ಮಕ್ಕಳಿಗೂ ಕಲಿಸಿ

ಮೈಸೂರು ದೊಡ್ಡಪ್ಪ: ಬೇಡಪ್ಪಾ. ಅಲ್ಯೂಮಿನಿಯಂ ಹೊಟ್ಟೆಗೆ ಹೋದ್ರೆ ಮರೆವಿನ ಕಾಯಿಲೆ ಬರತ್ತಂತೆ. ಮಕ್ಕಳಿಗೆ ಕಲಿಸೋದಾದ್ರೆ ಉಪ್ಪಿಟ್ಟು ಕಲಿಸಿ

ಬೆಂಗಳೂರು ಅತ್ತಿಗೆ: ದೊಡ್ಡಪ್ಪಾ ಆ ಕಾಯಿಲೆ ಇದರಿಂದ್ಲೇ ಬರತ್ತೆ ಅಂತ ಸಾಬೀತಾಗಿಲ್ಲ. ಆದ್ರೆ ಹುಳಿ, ಉಪ್ಪು ಜಾಸ್ತಿ ಇದ್ರೆ ಫಾಯಿಲಿಂದ ಅಲ್ಯೂಮಿನಿಯಂ ಊಟಕ್ಕೆ ಬಿಟ್ಕೊಳತ್ತೆ ಅನ್ನೋದು ನಿಜ, ಯುರೋಪಿನ ಆಹಾರ ಸುರಕ್ಷತೆಯವರು 2008ರಲ್ಲೇ ವಾರಕ್ಕೆ ಮೈತೂಕದ ಕೆಜಿಗೆ 1 ಮಿಲಿಗ್ರಾಂ ಅಂತ ಮಿತಿ ಹಾಕಿದಾರೆ, ಅಂದ್ರೆ 20 ಕೆಜಿ ಮಗುಗೆ ವಾರಕ್ಕೆ 20 ಮಿಲಿಗ್ರಾಂ. ಅದಕ್ಕೇ ಟೊಮೇಟೊ ಹುಣಸೆ ಒಳಗೆ ಹಾಕಬೇಡಿ, ನಿಂಬೆಹಣ್ಣು ಬೆಂದಮೇಲೆ ತಟ್ಟೇಲಿ ಹಿಂಡಿ

ಬೆಂಗಳೂರು ಅತ್ತಿಗೆ: ಉಪ್ಪಿಟ್ಟಲ್ಲಿ ಸಾಸಿವೆ ಸಿಡಿಯತ್ತೆ, ಕುದಿಯೋ ನೀರು ಹುಯ್ಬೇಕು, ಏಳೆಂಟು ವರ್ಷದ ಮಗು ದೂರ ನಿಂತು ನೋಡೋದೇ ಆಗತ್ತೆ. ಇದ್ರಲ್ಲಿ ಹೆಚ್ಚೋದು ಕಲಸೋದು ಮಡಚೋದು ಎಲ್ಲ ಮಗುನೇ ಮಾಡತ್ತೆ, ಬೆಂಕಿ ಕೆಲಸ ಮಾತ್ರ ನಮ್ದು. ತಾನು ಹೆಚ್ಚಿದ ಬೀನ್ಸ್ ತಾನೇ ತಿನ್ನತ್ತೆ, ನಮ್ಮನೇಲಿ ಕಣ್ಣಾರೆ ನೋಡಿದೀನಿ

ಉಡುಪಿ ಚಿಕ್ಕಮ್ಮ: ಫಾಯಿಲ್ ಯಾಕೆ ಮಾರಾಯ್ರೆ, ನಮ್ಮಲ್ಲಿ ಎಲೆ ಉಂಟಲ್ಲ. ಹಲಸಿನೆಲೆ ಕೊಟ್ಟೆ ಕಡುಬು, ನಾಗರಪಂಚಮಿಗೆ ಅರಿಶಿನ ಎಲೆ ಕಡುಬು, ಎಲ್ಲ ಪೊಟ್ಟಣದ್ದೇ ಅಡುಗೆ. ಎಲೆಗೆ ಹಿಟ್ಟು ಹಚ್ಚಿ ಮಡಚುದು ಮಕ್ಕಳಿಗೆ ಭಾರೀ ಖುಷಿ, ಆ ಪರಿಮಳ ಫಾಯಿಲಲ್ಲಿ ಎಲ್ಲಿಂದ ಬರ್ಬೇಕು

ನ್ಯೂಜೆರ್ಸಿ ಅಣ್ಣ: ಚಿಕ್ಕಮ್ಮ ಇಲ್ಲಿ ಅರಿಶಿನ ಎಲೆಗೆ ಎಲ್ಲಿ ಹೋಗ್ಲಿ 🙏 ಬಾಳೆಲೆ ಫ್ರೋಜನ್ ಸಿಗತ್ತೆ ಅಷ್ಟೇ

ಉಡುಪಿ ಚಿಕ್ಕಮ್ಮ: ಅದೇ ಸಾಕು. ಬಾಳೆಲೆ ಬೆಂಕಿಗೆ ಹಿಡಿದು ಬಾಡಿಸಿ ಒಳಗೆ ಇಡು, ಮೇಲಿಂದ ಫಾಯಿಲ್ ಸುತ್ತು. ಊಟಕ್ಕೆ ಫಾಯಿಲ್ ತಾಗುದಿಲ್ಲ

ಹುಬ್ಬಳ್ಳಿ ಭಾವ: ನಮ್ಮನ್ಯಾಗ ಓವನ್ ಇಲ್ಲ, ಮೈಕ್ರೋವೇವ್ನ್ಯಾಗ ಇಟ್ರ ನಡೀತೈತೇನು?

ಬೆಂಗಳೂರು ಅತ್ತಿಗೆ: ಅಯ್ಯೋ ಬೇಡ ಭಾವ, ಕಿಡಿ ಹಾರತ್ತೆ!! ದಪ್ಪ ತವಾ ಮೇಲಿಟ್ಟು ಮುಚ್ಚಳ ಮುಚ್ಚಿ ಸಣ್ಣ ಉರಿ, ಮಧ್ಯ ಒಂದ್ಸಲ ತಿರುಗಿಸಿ. ಆಲೂಗಡ್ಡೆ ಬೆರಳಗಲ ಇದ್ರೆ ಒಳಗೆ ಹಸೀನೇ ಉಳಿಯತ್ತೆ, ತೆಳ್ಳಗೆ ಒಂದೇ ಸಮ ಹೆಚ್ಚಿಸಿ. ಮೊದಲ ಸಲ ಪನೀರ್, ದೊಣ್ಣೆಮೆಣಸಿನಕಾಯಿ, ಜೋಳದಕಾಳು ಒಳ್ಳೇದು, ಬೇಗ ಆಗತ್ತೆ. ಬಿಚ್ಚೋದು ಮಾತ್ರ ದೊಡ್ಡೋರೇ, ಒಳಗೆ ತುಂಬಿರೋ ಹಬೆ ನೇರ ಮುಖಕ್ಕೆ ಬಡಿಯತ್ತೆ, ಆಚೆ ಕಡೆ ತುದಿಯಿಂದ ಬಿಡಿಸ್ಬೇಕು

ಮೈಸೂರು ದೊಡ್ಡಪ್ಪ: ಒಳಗೆ ಎಲೆ ಇದ್ರೆ ನನ್ನ ತಕರಾರಿಲ್ಲ. ಬರೀ ಫಾಯಿಲ್ ಅಂದ್ರೆ ಈಗಲೂ ಒಪ್ಪಲ್ಲ ಕಣಮ್ಮ

ಬೆಂಗಳೂರು ಅತ್ತಿಗೆ: ಹುಳಿ ಇಲ್ದಿರೋದಕ್ಕೆ ಯಾವಾಗಾದ್ರೂ ಒಂದ್ಸಲ ಬರೀ ಫಾಯಿಲ್ ಆದ್ರೂ ಪರವಾಗಿಲ್ಲ ಅಂತ ನಾನಂತೂ ಹೇಳ್ತೀನಿ, ಎಲೆ ಸಿಗ್ಲಿಲ್ಲ ಅಂತ ಮಗುನ ಅಡುಗೆಮನೆಯಿಂದ ಆಚೆ ಕಳಿಸಲ್ಲ

ಹುಬ್ಬಳ್ಳಿ ಭಾವ: ಪನೀರ್ ತರಾಕ ಹೊಂಟೇನಿ, ಎಷ್ಟು ಹೊತ್ತು ಇಡ್ಬೇಕು ತವಾ ಮ್ಯಾಲ?

ಬೆಂಗಳೂರು ಅತ್ತಿಗೆ: ಹತ್ತು ಹನ್ನೆರಡು ನಿಮಿಷ ಸಾಕು