ಗಂಡ ಹೆಂಡತಿ, ಅಧಿಕಾರ, ಅನುಮಾನ: ನಿಜವಾಗಿ ನಡೆದ ಕಥೆ ಗೊತ್ತಾ?

ರಾತ್ರಿಗೂಬೆ: ದೊಡ್ಡ ರಾಜಕಾರಣಿ, ಅವನ ಹೆಂಡತಿ, ಇಬ್ಬರ ನಡುವೆ ನಂಬಿಕೆಯೇ ಇಲ್ಲ. ಇಂಥ ಥ್ರಿಲ್ಲರ್ ಬರೆಯಲು ಕೂತಿದ್ದೇನೆ. ಕೊಲೆಗಿಲೆ ಬೇಡ, ತಲೆಯೊಳಗಿನ ಭಯ ಬೇಕು. ನಿಜವಾಗಿ ನಡೆದದ್ದು ಏನಾದರೂ ಇದೆಯಾ?

ಕಾಫಿಪುಡಿ: ಮಾರ್ಥಾ ಮಿಚೆಲ್ ಬಗ್ಗೆ ಓದಿ. ಗಂಡ ಜಾನ್ ಮಿಚೆಲ್ ಅಮೆರಿಕದ ಅಟಾರ್ನಿ ಜನರಲ್ ಆಗಿದ್ದವರು, 1972ರಲ್ಲಿ ಅಧ್ಯಕ್ಷ ನಿಕ್ಸನ್ ಚುನಾವಣಾ ಪ್ರಚಾರದ ಮುಖ್ಯಸ್ಥ. ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಕದ್ದು ನುಗ್ಗಿ ಸಿಕ್ಕಿಬಿದ್ದವರಲ್ಲಿ ಒಬ್ಬ ಆಕೆಗೆ ಚೆನ್ನಾಗಿ ಗೊತ್ತಿದ್ದವನು. ವಿಷಯ ಆಕೆಗೆ ಗೊತ್ತಾಗದಿರಲಿ ಅಂತ ಗಂಡ ಆಕೆಯನ್ನು ಕ್ಯಾಲಿಫೋರ್ನಿಯಾದಲ್ಲೇ ಕಾವಲಿನಲ್ಲಿ ಬಿಟ್ಟು ವಾಷಿಂಗ್ಟನ್‌ಗೆ ಹೊರಟುಬಿಟ್ಟರು. ಆಕೆ ಪತ್ರಕರ್ತೆ ಹೆಲೆನ್ ಥಾಮಸ್ ಜೊತೆ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಕಾವಲಿನವನು ವೈರನ್ನು ಗೋಡೆಯಿಂದ ಕಿತ್ತುಹಾಕಿದನಂತೆ, ಆಮೇಲೆ ಹಿಡಿದುಕೊಂಡು ಮಂಪರಿನ ಇಂಜೆಕ್ಷನ್. ಹೊರಗೆ ಬಂದು ಹೇಳಿದರೆ ‘ಕುಡುಕಿ, ತಲೆ ಕೆಟ್ಟಿದೆ’ ಅಂತ ಸುದ್ದಿ ಹಬ್ಬಿಸಿದರು.

ಮಳೆಹುಡುಗಿ: ನನಗೆ ಮೈ ಜುಂ ಅಂದದ್ದು ಇಂಜೆಕ್ಷನ್‌ಗಲ್ಲ. ಇಷ್ಟೆಲ್ಲ ಆದಮೇಲೂ ಮೊದಮೊದಲು ಆಕೆ ಗಂಡನ ಪರವೇ ನಿಂತಿದ್ದರು, ಅವರನ್ನು ಬಲಿಪಶು ಮಾಡುತ್ತಿದ್ದಾರೆ ಅಂತ! ಬೇರೆಯಾದದ್ದು 1973ರಲ್ಲಿ. ಕಥೆ ಇರುವುದು ಆ ನಡುವಿನ ತಿಂಗಳುಗಳಲ್ಲಿ, ಅಲ್ವಾ?

ಹಳೇಪೇಪರ್: ನಿಜ ಹೇಳುವವರ ಮಾತನ್ನು ಡಾಕ್ಟರು ಭ್ರಮೆ ಅಂತ ತಳ್ಳಿಹಾಕಿದರೆ ಅದಕ್ಕೆ ಈಗ ‘ಮಾರ್ಥಾ ಮಿಚೆಲ್ ಎಫೆಕ್ಟ್’ ಅಂತಲೇ ಹೆಸರು. ಗಂಡ ಆಮೇಲೆ ಜೈಲಿಗೂ ಹೋದರು. 1976ರಲ್ಲಿ ಆಕೆಯ ಅಂತ್ಯಕ್ರಿಯೆಗೆ ಯಾರೋ ಬಿಳಿ ಹೂವಿನಲ್ಲೇ ‘ಮಾರ್ಥಾ ಹೇಳಿದ್ದು ಸರಿ’ ಅಂತ ಬರೆಸಿ ಕಳಿಸಿದ್ದರು.

ರಾತ್ರಿಗೂಬೆ: ಫೋನ್ ವೈರಿನಿಂದಲೇ ಶುರು ಮಾಡುತ್ತೇನೆ. ಹೂವು ಬೇಡ, ಸಿನಿಮಾ ಥರ ಆಗುತ್ತೆ.