ಉರಿಮೂತ್ರ ಶುರುವಾಗಿ ಎರಡು ದಿನ. ಇನ್ನೂ ಕಾಯಬಹುದಾ?

ಪ್ರಶ್ನೆ:
ಮೊನ್ನೆ ರಾತ್ರಿಯಿಂದ ಮೂತ್ರ ಮಾಡುವಾಗ ವಿಪರೀತ ಉರಿ. ಹತ್ತು ನಿಮಿಷಕ್ಕೊಮ್ಮೆ ಓಡಬೇಕು, ಹೋದರೆ ನಾಲ್ಕೇ ಹನಿ, ಆ ಕೊನೆ ಹನಿಗೆ ಕಣ್ಣಲ್ಲಿ ನೀರು ಬರುತ್ತದೆ. ಕಿಬ್ಬೊಟ್ಟೆ ಭಾರ. ಜ್ವರ ಇಲ್ಲ. ನಾನು ಹೆಣ್ಣು, ವಯಸ್ಸು 31. ಮನೆಯಲ್ಲಿ ಎಲ್ಲರೂ ಉಷ್ಣ ಆಗಿದೆ, ನೀರು ಜಾಸ್ತಿ ಕುಡಿ ಅಂತಾರೆ. ಹೋದ ವರ್ಷದ ಆಂಟಿಬಯಾಟಿಕ್ ನಾಲ್ಕು ಮಾತ್ರೆ ಉಳಿದಿವೆ. ಅದನ್ನೇ ತಗೊಳ್ಳಲಾ?

ಉತ್ತರ 1:
ಬೇಡ, ದಯವಿಟ್ಟು ಬೇಡ. ನಾನೂ ಹೀಗೇ ಉಳಿದ ಮಾತ್ರೆ ನುಂಗಿದ್ದೆ. ಎರಡು ದಿನ ಆರಾಮ ಅನಿಸಿತು, ಆರನೇ ದಿನ ಚಳಿ ನಡುಕದ ಜೊತೆ ಮತ್ತೆ ಬಂತು. ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ಆ ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾ. ಔಷಧಿ ಶುರು ಮಾಡುವ ಮೊದಲೇ ಮೂತ್ರ ಪರೀಕ್ಷೆಗೆ ಕೊಡಿ. ಮೊದಲು ಬರುವುದನ್ನು ಸ್ವಲ್ಪ ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ಕಲ್ಚರ್ ರಿಪೋರ್ಟ್ ಬರಲು 2-3 ದಿನ ಬೇಕು, ಅಲ್ಲಿಯವರೆಗೆ ಏನು ತಗೊಳ್ಳಬೇಕು ಅಂತ ಡಾಕ್ಟರೇ ಹೇಳುತ್ತಾರೆ.

ಉತ್ತರ 2:
ನೀವು ಹೇಳಿದ್ದು ಮೂತ್ರಕೋಶದ ಸೋಂಕಿನ ಹಾಗೇ ಇದೆ. ಹೆಂಗಸರಲ್ಲಿ ಮೂತ್ರ ಹೊರಬರುವ ನಾಳ ಸುಮಾರು 4 ಸೆಂ.ಮೀ. ಅಷ್ಟೆ, ಕರುಳಿನ ಬ್ಯಾಕ್ಟೀರಿಯಾ (ಹೆಚ್ಚಾಗಿ ಇ. ಕೋಲಿ) ಸುಲಭವಾಗಿ ಒಳಗೆ ಹೋಗುತ್ತದೆ. ಆದರೆ ಎಲ್ಲ ಉರಿಯೂ ಅದೇ ಅಲ್ಲ. ಹೊರಗಿನ ಚರ್ಮ ಉರಿದು, ತುರಿಕೆ, ಬಿಳಿ ಸ್ರಾವ ಇದ್ದರೆ ಫಂಗಸ್ ಇರಬಹುದು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವಾದರೆ ಕಿಡ್ನಿ ಕಲ್ಲು ಇರಬಹುದು. ಘಮಘಮ ಸೋಪಿನಿಂದಲೂ ಉರಿಯುತ್ತದೆ. ಕ್ಲಮೈಡಿಯಾ, ಗೊನೋರಿಯಾದಂಥ ಲೈಂಗಿಕ ಸೋಂಕೂ ಇರಬಹುದು, ಮಾಮೂಲಿ ಕಲ್ಚರ್‌ನಲ್ಲಿ ಅವು ಸಿಗುವುದಿಲ್ಲ, ಬೇರೆ ಟೆಸ್ಟ್ ಬೇಕು, ಸಂಗಾತಿಗೂ ಚಿಕಿತ್ಸೆ ಬೇಕು. ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.

ಇವತ್ತು ಅಥವಾ ನಾಳೆ ತೋರಿಸಿ. ಜ್ವರ, ಚಳಿ, ವಾಂತಿ, ಬೆನ್ನಿನ ಪಕ್ಕದಲ್ಲಿ ನೋವು ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು, ಆಗ ರಾತ್ರಿಯಾದರೂ ಸರಿ, ಕಾಯಬೇಡಿ. ಮೂತ್ರದಲ್ಲಿ ರಕ್ತ ಕಂಡರೂ ಸುಮ್ನೆ ಬಿಡಬೇಡಿ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿಬಿಡಿ, ಮಾತ್ರೆ ಆರಿಸುವಾಗ ಅದು ಮುಖ್ಯ ಅಲ್ವಾ.

ಉತ್ತರ 3:
ಗಂಡಸರೂ ಓದಲಿ ಅಂತ ಬರೆಯುತ್ತಿದ್ದೇನೆ. ನಮ್ಮಪ್ಪನಿಗೆ 64. ಹತ್ತು ದಿನ ಉರಿ ಇದ್ದರೂ ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಒಂದು ರಾತ್ರಿ ಮೂತ್ರವೇ ಕಟ್ಟಿಕೊಂಡಿತು, ಕಿಬ್ಬೊಟ್ಟೆ ಕಲ್ಲಿನ ಹಾಗೆ ಉಬ್ಬಿ, ಮಂಚದ ಸರಳು ಹಿಡಿದು ನಿಂತಿದ್ದರು. ಎಮರ್ಜೆನ್ಸಿಯಲ್ಲಿ ಪೈಪ್ ಹಾಕಿ ತೆಗೆದರು. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ದೊಡ್ಡದಾಗಿ, ಮೂತ್ರ ಪೂರ್ತಿ ಖಾಲಿಯಾಗದೆ ಸೋಂಕಾಗಿತ್ತು. ಗಂಡಸರಿಗೆ, ಮಕ್ಕಳಿಗೆ ಉರಿಮೂತ್ರ ಬಂದರೆ ಒಂದು ಸಲವಾದರೂ ತೋರಿಸಲೇಬೇಕು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಸ್ಯಾಂಪಲ್ ಕೊಟ್ಟು ಬಂದೆ. ಸೋಂಕು ಅಂತಲೇ ಹೇಳಿದರು, 5 ದಿನದ ಮಾತ್ರೆ ಬರೆದಿದ್ದಾರೆ, ಉರಿ ಕಮ್ಮಿಯಾದರೂ ಅರ್ಧಕ್ಕೆ ನಿಲ್ಲಿಸಬೇಡಿ ಅಂದರು. ಎರಡು ದಿನದಲ್ಲಿ ಇಳಿಯದಿದ್ದರೆ ಮತ್ತೆ ಬರಬೇಕಂತೆ. ಹಳೇ ನಾಲ್ಕು ಮಾತ್ರೆ ಮೆಡಿಕಲ್‌ಗೆ ವಾಪಸ್ ಕೊಟ್ಟೆ.